ಕೈ ಆಡಿದ ಮಾತು

ಆಗಸ್ಟ್ ೧೧

ಪ್ರೀತಿಯ ಗುಳಿಗೆನ್ನೆಗೆ,

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರ ಬರೆಯಲಿಲ್ಲವೆಂದು ಬೈಯಬೇಡ. ಬೈಯಲೇಬೇಕಾದರೆ ಸ್ವಲ್ಪ ತಡೆದು ಬೈ, ಸದ್ಯಕ್ಕೆ ಇಲ್ಲಿ ಬೈಯುವವರಿಗೆ ಬರವಿಲ್ಲ. ನಾವೆಲ್ಲ ಇದ್ದೇವೆ. ನಿನ್ನ ಭಾವನ ಬೆನ್ನುನೋವು ಮೊದಲಿನ ಹಾಗೇ ಇದೆ, ಕೆಲಸವಿದ್ದ ದಿನ ಬರುತ್ತದೆ, ರಜೆ ಸಿಕ್ಕರೆ ಹೋಗುತ್ತದೆ. ನಿನ್ನ ಮಗಳ ಫೋಟೋವನ್ನು ಅಮ್ಮ ಅಡುಗೆಮನೆಯ ಕಿಟಕಿಗೆ ಒರಗಿಸಿಟ್ಟುಕೊಂಡು, ತರಕಾರಿ ಹೆಚ್ಚುವಾಗಲೆಲ್ಲ ಅದಕ್ಕೆ ಏನೋ ಬುದ್ಧಿವಾದ ಹೇಳುತ್ತಿರುತ್ತಾಳೆ. ಚಾಕು ಹಿಡಿದ ಕೈಯಲ್ಲೇ ಹೇಳುತ್ತಾಳೆ, ನೋಡುವುದಕ್ಕೆ ಭಯವಾಗುತ್ತದೆ.

ಫೋನ್ ಮಾಡುವುದು ಬಿಟ್ಟು ಕಾಗದ ಯಾಕೆ ಅಂತ ನೀನು ಕೇಳುತ್ತೀಯ. ಫೋನಿನಲ್ಲಿ ಮಾತಾಡಿದರೆ ಅಮ್ಮ ಎದುರಿಗೆ ಕೂತು ನನ್ನ ಮುಖ ಓದುತ್ತಾಳೆ. ಮೆಸೇಜುಗಳನ್ನಂತೂ ನನಗಿಂತ ಮೊದಲು ಓದಿಬಿಟ್ಟಿರುತ್ತಾಳೆ. ಕೇಳಿದರೆ, "ಕಿವುಡರಿಗೆ ಕದ್ದು ಕೇಳೋ ಸುಖ ಇಲ್ಲ, ಕದ್ದು ಓದೋದೂ ಬೇಡ್ವಾ?" ಅನ್ನುತ್ತಾಳೆ. ಅದಕ್ಕೇ ಇದನ್ನು ಕೋರ್ಟಿನ ಕ್ಯಾಂಟೀನಿನಲ್ಲಿ ಕೂತು ಬರೆಯುತ್ತಿದ್ದೇನೆ. ಇವತ್ತು ಒಬ್ಬ ಕಿವುಡ ಬಡಗಿಯ ಸಾಕ್ಷಿಗೆ ದುಭಾಷಿಯಾಗಿ ಬಂದಿದ್ದೇನೆ, ನ್ಯಾಯಾಧೀಶರು ಇನ್ನೂ ಊಟ ಮುಗಿಸಿ ಬಂದಿಲ್ಲ.

ಅಮ್ಮನ ಕಣ್ಣಿನ ಸುದ್ದಿ ಮೊದಲು ಹೇಳಿಬಿಡುತ್ತೇನೆ. ಬಲಗಣ್ಣು ಹೋದದ್ದು ನಿನಗೆ ಗೊತ್ತೇ ಇದೆ. ಈಗ ಎಡಗಣ್ಣಿನ ಒತ್ತಡವೂ ಏರಿದೆ, ಹನಿಮದ್ದಿಗೆ ಬಗ್ಗುತ್ತಿಲ್ಲ. ನೋಟ ಅಂಚಿನಿಂದ ಒಳಕ್ಕೆ ಸೇದಿಕೊಳ್ಳುತ್ತಿದೆ, ಕೊಳವೆಯಲ್ಲಿ ನೋಡಿದ ಹಾಗೆ. ನಾವು ಚಿಕ್ಕವರಿದ್ದಾಗ ಮನೆಯಲ್ಲಿ ಮಾತೆಂದರೆ ಸೊಂಟದಿಂದ ನೆತ್ತಿಯ ತನಕ ಕೈ ಬೀಸಾಟ. ಈಗ ನನ್ನ ಮಾತೆಲ್ಲ ಗಲ್ಲದ ಕೆಳಗೆ ಒಂದು ತಟ್ಟೆಯಷ್ಟು ಜಾಗದಲ್ಲಿ ಮುಗಿಯಬೇಕು. ಬಾಯ್ತುಂಬ, ಅಂದರೆ ಕೈತುಂಬ, ಜಗಳವಾಡುವ ಹಾಗೂ ಇಲ್ಲ. ಭಾನುವಾರದ ಪ್ರಾರ್ಥನಾಸಭೆಯಲ್ಲಿ ಅವಳು ಮುಂದಿನ ಸಾಲು ಬಿಟ್ಟು ಹಿಂದಿನ ಸಾಲಿಗೆ ಹೋಗಿದ್ದಾಳೆ. ದೂರದಿಂದಾದರೆ ಆ ಕೊಳವೆಯೊಳಗೆ, ಬೋಧನೆಯನ್ನು ಕೈಗೆ ತರುತ್ತ ನಿಂತ ನಾನು ಪೂರ್ತಿ ಹಿಡಿಸುತ್ತೇನಂತೆ. ಮಿಕ್ಕವರು ಅವಳ ವಿಶ್ವಾಸ ತಣ್ಣಗಾಯಿತು ಅಂದುಕೊಂಡಿದ್ದಾರೆ. "ಅಂದುಕೊಳ್ಳಲಿ ಬಿಡು. ಕುರುಡಿ ಅನ್ನಿಸಿಕೊಳ್ಳೋದಕ್ಕಿಂತ ಪಾಪಿ ಅನ್ನಿಸಿಕೊಳ್ಳೋದು ವಾಸಿ" ಅನ್ನುತ್ತಾಳೆ.

ಕಣ್ಣಿನ ಡಾಕ್ಟರು ಆಪರೇಷನ್ ಮಾಡಲೇಬೇಕು ಅಂದರು. ಹೋದದ್ದು ವಾಪಸ್ಸು ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಬಹುದು, ತಡಮಾಡಿದರೆ ಅದೂ ಇಲ್ಲ. ಕಿವಿಯಿಲ್ಲದವಳಿಗೆ ಕಣ್ಣೂ ಹೋದರೆ ಏನಾಗುತ್ತದೆಂದು ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ಅವಳೊಳಗೆ ಹೋಗಲು ಲೋಕಕ್ಕೆ ಉಳಿದಿರುವ ಬಾಗಿಲು ಅದೊಂದೇ. ಗುರುವಾರಕ್ಕೆ ದಿನ ಗೊತ್ತು ಮಾಡಿದ್ದೆವು. ಅವಳೂ ಒಪ್ಪಿದ್ದಳು. ಅಷ್ಟರಲ್ಲಿ ಈ ಭಾನುವಾರ ಬಂತು.

ನಮ್ಮ ಸಭೆ ಈಗಲೂ ಟೈರು ಗೋಡೌನಿನ ಮೇಲಿನ ಹಾಲಿನಲ್ಲೇ ನಡೆಯುತ್ತದೆ. ಬಿಸಿಲು ಜಾಸ್ತಿಯಾದರೆ ಕೆಳಗಿನಿಂದ ರಬ್ಬರು ವಾಸನೆ ಬರುತ್ತದೆ. ಪಾಸ್ಟರು ಅದನ್ನೂ ಬೋಧನೆಗೆ ಬಳಸಿಕೊಳ್ಳುತ್ತಾರೆ, ನರಕ ಯಾವ ದಿಕ್ಕಿನಲ್ಲಿದೆಯೆಂದು ತೋರಿಸಲು. ಕಿವುಡರು ಅವರಿಗಿಟ್ಟ ಕೈಹೆಸರು "ಹುಬ್ಬು". ನಿನಗೆ ಕೆನ್ನೆಯಿಂದ, ನನಗೆ ಎಂದೋ ಕತ್ತರಿಸಿಹೋದ ಜಡೆಯಿಂದ ಹೆಸರಿಟ್ಟ ಹಾಗೆ. ಈ ವರ್ಷವೆಲ್ಲ ಹುಬ್ಬು ಬೋಧಿಸುತ್ತಿರುವುದು ಕಡೇ ದಿನಗಳ ಬಗ್ಗೆ. ಗೋಡೆಗೆ ದೊಡ್ಡದೊಂದು ಪಟ ತೂಗುಹಾಕಿದ್ದಾರೆ: ಬೈಬಲಿನ ಕೊನೆಯ ಪುಸ್ತಕದ ಮುದ್ರೆಗಳು, ತುತ್ತೂರಿಗಳು, ರೋಷದ ಪಾತ್ರೆಗಳು. ಲೋಕ ಎಲ್ಲಿಗೆ ಬಂದು ಮುಟ್ಟಿದೆಯೆಂದು ತೋರಿಸಲು ಒಂದು ಕೆಂಪು ಪಿನ್ನು. ಪಿನ್ನು ಆರನೆಯ ತುತ್ತೂರಿಯ ಪಕ್ಕ ಬಹಳ ಕಾಲದಿಂದ ನಿಂತುಬಿಟ್ಟಿದೆ.

ಬೋಧನೆಯ ಕೊನೆಗೆ ಅವರು ಹಣೆಯನ್ನು ಮೇಜಿಗೆ ಒತ್ತಿ ಮೌನವಾಗುತ್ತಾರೆ. ಕಿವಿಯುಳ್ಳವರೆಲ್ಲ ಕಣ್ಣು ಮುಚ್ಚುತ್ತಾರೆ. ಕಿವುಡರು ಮುಚ್ಚುವುದಿಲ್ಲ. ಮುಚ್ಚಿದರೆ ಮೌನ ಯಾವಾಗ ಮುಗಿಯಿತೆಂದು ಅವರಿಗೆ ತಿಳಿಯುವುದು ಹೇಗೆ? ಆ ಹೊತ್ತಿನಲ್ಲಿ ದುಭಾಷಿಯಾದ ನಾನು ಎರಡೂ ಕೈಗಳನ್ನು ಹೊಟ್ಟೆಯ ಮೇಲೆ ಕಟ್ಟಿ ನಿಲ್ಲಬೇಕು. ಮೌನದ ತರ್ಜುಮೆ ಅದು.

ನಾನು ಕೈ ಕಟ್ಟಿದ್ದೆ ಅಂತಲೇ ನನ್ನ ನೆನಪು. ನಾನೂ ಕಣ್ಣು ಮುಚ್ಚಿದ್ದೆ. ತೆರೆದಾಗ ಕಿವುಡರ ಸಾಲುಗಳು ಎದ್ದು ನಿಂತಿದ್ದವು. ದರ್ಜಿ ಅಳುತ್ತಿದ್ದ. ಅವನ ಹೆಂಡತಿ ಗಾಳಿಯಲ್ಲಿ ಕೈ ನಡುಗಿಸಿ ಸ್ತೋತ್ರ ಹೇಳುತ್ತಿದ್ದಳು. ನನ್ನ ಕೈಗಳು ಎದೆಯ ಮುಂದೆ ತೆರೆದುಕೊಂಡಿದ್ದವು.

ಕುರ್ಚಿಗಳ ಸದ್ದಿಗೆ ಹುಬ್ಬು ತಲೆಯೆತ್ತಿದರು. "ಏನಂತೆ ಇವರಿಗೆಲ್ಲ?" ಅಂತ ಕೇಳಿದರು.

ನಾನು ದರ್ಜಿಯನ್ನು ಕೇಳಿ, ಅವನು ಹೇಳಿದ್ದನ್ನು ಬಾಯಿಗೆ ತಂದೆ. "ಕರ್ತನು ಈಗ ತಾನೇ ಮಾತಾಡಿದನಂತೆ."

"ಯಾರ ಮೂಲಕ?"

"ನನ್ನ ಮೂಲಕ."

"ನಿಮ್ಮ ಮೂಲಕವಾ? ಏನಂದನಂತೆ?"

ಅಲ್ಲಿ ಆ ಎರಡು ಭಾಷೆ ಬಲ್ಲವಳು ನಾನೊಬ್ಬಳೇ. ಏನು ಬೇಕಾದರೂ ಹೇಳಬಹುದಿತ್ತು. ಆದರೆ ಇಷ್ಟು ವರ್ಷದ ಅಭ್ಯಾಸ ಬಿಡಲಿಲ್ಲ, ದರ್ಜಿಯ ಕೈ ನೋಡಿ ಒಂದಕ್ಷರ ಬಿಡದೆ ಹೇಳಿದೆ: "ನಾನು ಬರುತ್ತಿದ್ದೇನೆ. ಚಳಿಗೆ ಮುಂಚೆ ಬರುತ್ತೇನೆ. ಓಡಾಟ ಸಾಕು, ಕಾಯುವುದು ಸಾಕು. ಇನ್ನು ಕತ್ತಲೆಯಿಲ್ಲ."

ನಿನಗೆ ನಮ್ಮ ಕೆಲಸದ ಕಟ್ಟುಪಾಡು ಮರೆತಿರಬಹುದು. ದುಭಾಷಿಯ ಕೈಯಲ್ಲಿ ಸ್ವಂತ ಮಾತಿರುವುದಿಲ್ಲ. ಕಳ್ಳನ ಪರವಾಗಿ "ನಾನು ಕದಿಯಲಿಲ್ಲ" ಅನ್ನುತ್ತೇನೆ, ಆಸ್ಪತ್ರೆಯಲ್ಲಿ "ನನಗೀಗ ಮೂರು ತಿಂಗಳು" ಅನ್ನುತ್ತೇನೆ. ಇದುವರೆಗೆ ಯಾರೂ ನನ್ನನ್ನು ಜೈಲಿಗೆ ಹಾಕಿಲ್ಲ, ತೊಟ್ಟಿಲನ್ನೂ ತಂದುಕೊಟ್ಟಿಲ್ಲ. ಸ್ವಂತಕ್ಕೆ ಏನಾದರೂ ಹೇಳಬೇಕಾದರೆ ಒಂದು ಹೆಜ್ಜೆ ಪಕ್ಕಕ್ಕೆ ಸರಿದು, "ಇದು ದುಭಾಷಿಯ ಮಾತು" ಎಂದು ಮೊದಲು ತಿಳಿಸಬೇಕು. ಆವತ್ತು ನಾನು ಪಕ್ಕಕ್ಕೆ ಸರಿದಿರಲಿಲ್ಲ. ಹುಬ್ಬು ಬಾಯಿ ತೆರೆದಿರಲಿಲ್ಲ. ಹಾಗಾದರೆ ಮಾತು ಯಾರದು? ಕಿವುಡರಿಗೆ ಉತ್ತರ ಹುಡುಕಲು ಕಷ್ಟವಾಗಲಿಲ್ಲ.

ಅಮ್ಮ ಹಿಂದಿನ ಸಾಲಿನಲ್ಲಿ ಒಬ್ಬಳೇ ಕೂತಿದ್ದಳು. ಎದ್ದಿರಲಿಲ್ಲ. ಹತ್ತಿರ ಹೋಗಿ, "ನೀನು ನೋಡಿದೆಯಾ? ನಾನು ಹಾಗೆ ಅಂದೆನಾ?" ಅಂತ ಕೇಳಿದೆ. "ಅಂದೆ" ಅಂದಳು, ಅಷ್ಟೆ. ಮನೆಗೆ ಬರುವಾಗ ಬಸ್ಸಿನಲ್ಲಿ ನನ್ನ ತೊಡೆ ತಟ್ಟಿ ತನ್ನ ಕಡೆಗೆ ತಿರುಗಿಸಿಕೊಂಡು, "ಗುರುವಾರ ಆಸ್ಪತ್ರೆಗೆ ಹೋಗೋದು ಬೇಡ" ಅಂದಳು.

ನ್ಯಾಯಾಧೀಶರು ಬಂದರು. ಮಗುವಿಗೆ ನನ್ನ ಮುತ್ತು.

ನಿನ್ನ ಅಕ್ಕ

*

ಸೆಪ್ಟೆಂಬರ್ ೨೪

ಗುಳಿಗೆನ್ನೆ,

ನಿನ್ನ ಬೈಗುಳ ತಲುಪಿತು. ಎರಡು ಸಲ ಓದಿದೆ, ಚೆನ್ನಾಗಿ ಬರೆದಿದ್ದೀಯ. "ನೀನೇ ಅಂದದ್ದು, ನೀನೇ ಅಲ್ಲ ಅನ್ನು, ಅದರಲ್ಲೇನು ಮಹಾ" ಅಂತ ಕೇಳಿದ್ದೀಯ. ಮಹಾ ಏನೆಂದು ಹೇಳುತ್ತೇನೆ, ಸ್ವಲ್ಪ ಸಾವಧಾನವಾಗಿ ಕೇಳು.

ಮೊದಲನೆಯದಾಗಿ, ನನ್ನ ಕೈ ಈಗ ನನ್ನದಲ್ಲ. ಮೊನ್ನೆ ಮಾರ್ಕೆಟ್ಟಿನಲ್ಲಿ ಮುಖದ ಮೇಲೆ ಕೂತ ನೊಣವನ್ನು ಓಡಿಸಿದೆ. ಎದುರು ಅಂಗಡಿಯಲ್ಲಿದ್ದ ದರ್ಜಿಯ ಹೆಂಡತಿ ಚೀಲ ಅಲ್ಲೇ ಬಿಟ್ಟು ಓಡಿಬಂದಳು. "ಇನ್ನೊಂದ್ಸಲ ಹೇಳಿ ಅಕ್ಕಾ, ಪೂರ್ತಿ ಕಾಣಲಿಲ್ಲ."

"ಏನಿಲ್ಲ. ನೊಣ" ಅಂದೆ.

ಅವಳ ಮುಖ ಬಿಳುಚಿಕೊಂಡಿತು. "ನೊಣಗಳೂ ಬರ್ತಾವಾ?"

ಅವತ್ತಿನಿಂದ ಹೊರಗೆ ಹೋದಾಗ ಕೈಗಳನ್ನು ಜೇಬಿನಲ್ಲಿಟ್ಟುಕೊಂಡು ನಡೆಯುತ್ತೇನೆ. ನಿನ್ನ ಭಾವನಿಗೆ ಇದೆಲ್ಲ ತಮಾಷೆ. "ಲೋಕ ಮುಗಿಯೋದಾದ್ರೆ ಬಾತ್‌ರೂಮಿನ ನಲ್ಲಿ ರಿಪೇರಿ ಮಾಡಿಸೋದು ಬೇಡ ಅಲ್ವಾ? ನಿನ್ನ ಕೈಯನ್ನ ಒಂದ್ಮಾತು ಕೇಳಿ ಹೇಳು" ಅನ್ನುತ್ತಾರೆ. ನಲ್ಲಿ ಇನ್ನೂ ತೊಟ್ಟಿಕ್ಕುತ್ತಿದೆ.

ಒಂದು ಮಧ್ಯಾಹ್ನ ಹುಬ್ಬು ಮನೆಗೆ ಬಂದರು. ಸಭೆಯ ಹಿರಿಯರ ಜೊತೆ ಮೊದಲು ಬಂದಾಗ ಪರೀಕ್ಷೆ ಮಾಡುವವರ ಹಾಗೆ ಪ್ರಶ್ನೆ ಹಾಕಿದ್ದರು, ಈ ಸಲ ಒಬ್ಬರೇ. ಚಹಾದ ಕಪ್ಪನ್ನು ತಿರುಗಿಸುತ್ತ, "ಹೇಗಿತ್ತು?" ಅಂದರು.

"ಏನು?"

"ಅದು ಬಂದಾಗ. ಹೇಗಿತ್ತು? ನಾನು ಆ ಮೇಜಿಗೆ ಹಣೆ ಒತ್ತೋಕೆ ಶುರು ಮಾಡಿ ಎಷ್ಟು ಕಾಲ ಆಯ್ತು ಅಂತ ನಿಮಗೇ ಗೊತ್ತು. ಒಂದು ದಿನವೂ…"

"ಮೊಣಕೈ ನೋಯ್ತಿತ್ತು ಪಾಸ್ಟರ್. ಬೇರೇನೂ ಗೊತ್ತಾಗಲಿಲ್ಲ" ಅಂದೆ. ಅವರು ಅದನ್ನೂ ಗಂಭೀರವಾಗಿ ಕೇಳಿಕೊಂಡು, ತಮ್ಮ ಮೊಣಕೈಯನ್ನು ಸವರಿಕೊಂಡು ಹೋದರು. ಅವರ ಮೇಲೆ ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ.

ದರ್ಜಿ ಈ ಸಲ ಉಣ್ಣೆ ಕೋಟುಗಳ ಕೆಲಸ ಹಿಡಿದಿಲ್ಲ. ಅಂಗಡಿಯ ಬಾಗಿಲಿಗೆ "ಚಳಿಬಟ್ಟೆ ಹೊಲಿಯುವುದಿಲ್ಲ" ಎಂದು ಬರೆದು ಹಾಕಿದ್ದಾನೆ. ಅವನ ವರ್ಷದ ಸಂಪಾದನೆಯಲ್ಲಿ ಅರ್ಧಕ್ಕಿಂತ ಹೆಚ್ಚು ಅದೇ. ನಾನು ಹೋಗಿ ಕೈಮುಗಿದು ಕೇಳಿಕೊಂಡೆ, ಇನ್ನೂ ಹೊತ್ತಿದೆ, ಬೋರ್ಡು ತೆಗಿ ಅಂತ. ಅವನು ಇಸ್ತ್ರಿಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು ಎರಡೂ ಕೈ ಖಾಲಿ ಮಾಡಿಕೊಂಡು ಹೇಳಿದ:

"ಅಕ್ಕಾ, ಹುಟ್ಟಿದಾಗಿಂದ ನನಗೆ ಎಲ್ಲವೂ ಕೊನೆಗೆ ಗೊತ್ತಾಗಿದ್ದು. ಅಪ್ಪ ಸತ್ತಿದ್ದು ಮನೆಯವರೆಲ್ಲ ಅತ್ತು ಮುಗಿಸಿದ ಮೇಲೆ ಗೊತ್ತಾಯ್ತು. ಬೆಂಕಿ ಬಿದ್ದಾಗ ಬೀದಿಯವರೆಲ್ಲ ಓಡಿದ ಮೇಲೆ ನಾನು ಓಡಿದ್ದು. ಆ ಭಾನುವಾರ ಕಿವಿಯುಳ್ಳವರೆಲ್ಲ ಕಣ್ಣು ಮುಚ್ಚಿಕೊಂಡಿದ್ರು. ಕರ್ತ ನಮಗೆ ಮೊದಲು ಹೇಳಿದ. ನಾವು ಅವರಿಗೆ ಹೇಳಿದ್ವಿ. ನಿಮಗೆ ಅದು ಏನು ಅಂತ ಅರ್ಥವಾಗಲ್ಲ, ನಿಮಗೆ ಕಿವಿಯಿದೆ."

ಇದನ್ನು ಕೇಳಿದ ಮೇಲೆ "ಅಲ್ಲ" ಅನ್ನುವುದು ಎಷ್ಟು ಸುಲಭ, ನೀನೇ ಹೇಳು.

ಆದರೂ ಅಂದೆ. ಅಮ್ಮನ ಕಣ್ಣಿಗೋಸ್ಕರ ಅಂದೆ. ಅದಕ್ಕೆ ಮುಂಚೆ ಆಸ್ಪತ್ರೆಯಲ್ಲಿ ಏನಾಯಿತೆಂದು ಬರೆಯಬೇಕು. ತಪಾಸಣೆ ಮಾತ್ರ ಅಂತ ಪುಸಲಾಯಿಸಿ ಕರೆದುಕೊಂಡು ಹೋಗಿದ್ದೆ. ಕಣ್ಣಿನ ಡಾಕ್ಟರು ವಯಸ್ಸಿನಲ್ಲಿ ನಿನಗಿಂತ ಚಿಕ್ಕವಳು, ಒಳ್ಳೆಯವಳು, ಆದರೆ ಎಲ್ಲರ ಹಾಗೆ ಅಮ್ಮನನ್ನು ಬಿಟ್ಟು ನನ್ನನ್ನೇ ನೋಡಿ ಮಾತಾಡುತ್ತಾಳೆ. ನಾನು ಎರಡೂ ಕಡೆಯ ಮಾತನ್ನು ಹೊತ್ತು ಹಾಕುತ್ತಿದ್ದೆ.

ಅಮ್ಮ ಅಂದದ್ದನ್ನು ನನ್ನ ಬಾಯಿ ಹೇಳಿತು: "ನನಗೆ ಆಪರೇಷನ್ ಬೇಡ. ಕರ್ತ ಚಳಿಗೆ ಮುಂಚೆ ಬರ್ತಾನೆ. ಅಲ್ಲಿಯವರೆಗೆ ಈ ಕಣ್ಣು ಸಾಕು."

ಡಾಕ್ಟರು ಪೆನ್ನು ಕೆಳಗಿಟ್ಟಳು. "ಯಾರಮ್ಮಾ ಇದನ್ನೆಲ್ಲ ನಿಮ್ಮ ತಾಯಿ ತಲೆಗೆ ತುಂಬಿದ್ದು?"

ನಾನು ಅದನ್ನು ಆ ತಟ್ಟೆಯಷ್ಟಗಲದಲ್ಲಿ ಅಮ್ಮನಿಗೆ ಹೇಳಿದೆ. ಅಮ್ಮ ನನ್ನ ಕಡೆಗೆ ಬೆರಳು ತೋರಿಸಿದಳು. ಅದನ್ನೂ ಬಾಯಿಗೆ ತರಬೇಕಾಯಿತು. "ಇವಳು" ಅಂದೆ.

"ಇವಳು ಅಂದ್ರೆ ಯಾರು?"

"ನಾನೇ, ಡಾಕ್ಟರ್."

ಅವಳು ನನ್ನನ್ನು ನೋಡಿದ ನೋಟವನ್ನು ನಿನಗೆ ವರ್ಣಿಸುವುದಿಲ್ಲ.

ಮುಂದಿನ ಭಾನುವಾರ ಹಾಡು ಮುಗಿದ ಕೂಡಲೇ ನಾನು ನಿಲ್ಲುವ ಮಣೆಯಿಂದ ಒಂದು ಹೆಜ್ಜೆ ಪಕ್ಕಕ್ಕೆ ಸರಿದೆ. ಎಲ್ಲರಿಗೂ ಕಾಣುವ ಹಾಗೆ, "ಇದು ದುಭಾಷಿಯ ಮಾತು" ಎಂದೆ. "ಆವತ್ತಿನ ಮಾತು ಎಲ್ಲಿಂದ ಬಂತೋ ನನಗೆ ಗೊತ್ತಿಲ್ಲ. ನಾನು ಪ್ರವಾದಿಯಲ್ಲ. ಅದನ್ನು ನಂಬಿ ಯಾರೂ ಏನನ್ನೂ ಬಿಡಬೇಡಿ. ಕೋಟು ಹೊಲಿಯಿರಿ, ಔಷಧಿ ತಗೊಳ್ಳಿ."

ದರ್ಜಿ ನಿಧಾನವಾಗಿ ಎದ್ದು, ಅಕ್ಕರೆಯಿಂದ, ಚಿಕ್ಕ ಮಗುವಿಗೆ ಹೇಳುವ ಹಾಗೆ ಅಂದ: "ಎಲ್ಲ ಪ್ರವಾದಿಗಳೂ ಮೊದಲು ಹೀಗೇ ಅಂದ್ರು. ಒಬ್ಬ ತೊದಲ್ತೀನಿ ಅಂದ, ಒಬ್ಬ ಚಿಕ್ಕವನು ಅಂದ, ಒಬ್ಬ ಹಡಗು ಹತ್ತಿ ಓಡಿಹೋದ. ಬೇಕು ಬೇಕು ಅಂತ ಬಂದವರೇ ಸುಳ್ಳು ಪ್ರವಾದಿಗಳು." ಕೈಗಳೆಲ್ಲ ಗಾಳಿಯಲ್ಲಿ ನಡುಗಿದವು, ಕಿವುಡರ ಚಪ್ಪಾಳೆ. ಹುಬ್ಬು, "ಏನಂತೆ?" ಅಂದರು. ಅದನ್ನೂ ನಾನೇ ಹೇಳಬೇಕಾಯಿತು.

ಇದೇ ನನ್ನ ಪಾಡು. ಒಪ್ಪಿಕೊಂಡರೆ ಪ್ರವಾದಿ, ಒಲ್ಲೆನೆಂದರೆ ಇನ್ನೂ ದೊಡ್ಡ ಪ್ರವಾದಿ.

ಅಮ್ಮ ಮನೆಗೆ ಬಂದ ಮೇಲೆ, "ನಿನ್ನ ಮಾತು ನಂಬ್ತೀನಿ. ಆವತ್ತಿನದನ್ನೂ ನಂಬ್ತೀನಿ" ಅಂದಳು. ಎಷ್ಟು ಕೇಳಿದರೂ ಅದಕ್ಕಿಂತ ಹೆಚ್ಚು ಹೇಳಲಿಲ್ಲ. ಮೊನ್ನೆ ನೀನು ವಿಡಿಯೋದಲ್ಲಿ ಮಾತಾಡಿದ್ದು ಅವಳಿಗೆ ಬಹಳ ಸಂತೋಷವಾಯಿತು. ಫೋನಿನ ಪರದೆ ಚಿಕ್ಕದಾದ್ದರಿಂದ ನೀನು ಪೂರ್ತಿ ಕಾಣುತ್ತೀಯ. ಆದರೆ "ಅವಳ ಕೈಗೆ ನೆಗಡಿಯಾಗಿದೆ, ಅರ್ಧ ಮಾತು ಮೂಗಿನಲ್ಲಿ ಬರ್ತಿದೆ" ಅಂತ ದೂರಿದಳು. ಅಭ್ಯಾಸ ಮಾಡು.

ಎಲ್ಲರಿಗೂ ಒಳ್ಳೆಯದಾಗಲಿ.

ಅಕ್ಕ

*

ನವೆಂಬರ್ ೧೭

ನನ್ನ ಮುದ್ದಿನ ತಂಗಿಗೆ,

ಮತ್ತೆ ತಡವಾಯಿತು. ಎರಡು ಸಲ ಶುರುಮಾಡಿ ಹರಿದು ಹಾಕಿದೆ. ಅಂಚೆಯವನಿಗೂ ನನಗೂ ನೀನು ಒಂದೇ ಬಾಯಿಂದ ಶಾಪ ಹಾಕುತ್ತಿರಬಹುದು, ಅವನನ್ನು ಬಿಟ್ಟುಬಿಡು.

ಇಲ್ಲಿ ಚಳಿ ಬರಲಿಲ್ಲ. ಈ ಹೊತ್ತಿಗೆ ಕಿಟಕಿಗಳನ್ನು ಮುಚ್ಚಿ, ಪೆಟ್ಟಿಗೆಯ ತಳದಿಂದ ಸ್ವೆಟರು ತೆಗೆಯಬೇಕಾಗಿತ್ತು. ಫ್ಯಾನು ಇನ್ನೂ ತಿರುಗುತ್ತಿದೆ. ಮೂಲೆಯ ಮರ ಎಲೆ ಉದುರಿಸುವುದನ್ನು ಮರೆತು ಹೊಸ ಚಿಗುರು ಬಿಟ್ಟಿದೆ. ಎಲ್ಲೋ ದೂರದ ಕಾಡಿಗೆ ಬೆಂಕಿ ಬಿದ್ದು, ಅದರ ಹೊಗೆ ಒಂದು ವಾರ ನಮ್ಮ ಆಕಾಶದಲ್ಲಿ ನಿಂತಿತ್ತು. ಹಗಲಿನಲ್ಲೇ ಸೂರ್ಯ ತಾಮ್ರದ ಬಿಲ್ಲೆಯ ಹಾಗೆ ಕಾಣುತ್ತಿದ್ದ, ಕಣ್ಣು ಕಿರಿದು ಮಾಡದೆ ನೋಡಬಹುದಿತ್ತು. ಟೀವಿಯವರು ಗಾಳಿಯ ದಿಕ್ಕು ಅಂದರು. ಹುಬ್ಬು ಏನೂ ಅನ್ನಲಿಲ್ಲ, ಕುರ್ಚಿ ಹತ್ತಿ ಕೆಂಪು ಪಿನ್ನನ್ನು ಕಿತ್ತು ಕೊನೆಯದಾದ ಏಳನೆಯ ತುತ್ತೂರಿಗೆ ಚುಚ್ಚಿದರು. ಇಷ್ಟು ವರ್ಷ ಬಾ ಬಾ ಎಂದು ಕರೆದವರ ಮುಖದಲ್ಲಿ, ನಿಜವಾಗಿ ಬಂದುಬಿಟ್ಟರೆ ಅನ್ನುವ ಭಯವನ್ನು ನಾನು ಮೊದಲ ಸಲ ನೋಡಿದೆ. ಅವರೂ ನನ್ನ ಮುಖದಲ್ಲಿ ಅದನ್ನೇ ನೋಡಿರಬೇಕು.

ನೀನು ನಗುತ್ತೀಯೋ ಏನೋ. ನಾನು ಈಗ ಬೆಳಿಗ್ಗೆ ಎದ್ದವಳು ಮೊದಲು ಕಿಟಕಿಯಿಂದ ಕೈ ಹೊರಗೆ ಚಾಚಿ ನೋಡುತ್ತೇನೆ, ಗಾಳಿ ತಣ್ಣಗಿದೆಯೇ ಅಂತ. ಚಳಿಗಾಗಿ ಪ್ರಾರ್ಥಿಸುತ್ತೇನೆ. ಚಳಿ ಬಂದುಬಿಟ್ಟರೆ ನನ್ನ ಮಾತು ಸುಳ್ಳಾಗುತ್ತದೆ. ದರ್ಜಿ ನನ್ನ ಮುಖ ನೋಡುವುದಿಲ್ಲ, ಸಭೆಯಿಂದ ನನ್ನನ್ನು ಹೊರಗೆ ಹಾಕುತ್ತಾರೆ, ಹಾಕಲಿ. ಅಮ್ಮ ಚೀಲ ತಗೊಂಡು ಆಸ್ಪತ್ರೆಗೆ ಹೊರಡುತ್ತಾಳೆ. ಲೋಕದ ಯಾವ ಪ್ರವಾದಿಯೂ ತಾನು ಸುಳ್ಳಾಗಲಿ ಅಂತ ಇಷ್ಟು ಆಸೆಪಟ್ಟಿರಲಾರ. ಆದರೆ ಗಾಳಿ ಬೆಚ್ಚಗೇ ಇದೆ. ಒಂದೊಂದು ಬೆಳಿಗ್ಗೆ ನನಗೇ ಅನುಮಾನ ಬರುತ್ತದೆ: ನನ್ನ ಕೈಯಿಂದ ಹಾದುಹೋದದ್ದು ನಿಜವಾಗಿಯೂ ಅವನದೇ ಮಾತಾಗಿದ್ದರೆ? ಆಗ ನಾನು ಮಾಡುತ್ತಿರುವುದು ಯಾರ ವಿರುದ್ಧದ ಪ್ರಾರ್ಥನೆ? ಹೀಗೆ ಯೋಚಿಸುತ್ತ ಕೋರ್ಟಿನಲ್ಲಿ ಎರಡು ಸಲ ತಪ್ಪಿದೆ. ಸಾಕ್ಷಿ ಹೇಳಿದ್ದನ್ನು ಬಿಟ್ಟು ಅವನು ಹೇಳಬಹುದಾಗಿದ್ದನ್ನು ಹೇಳಿಬಿಟ್ಟೆ. ಈಗ ರಜೆ ಹಾಕಿದ್ದೇನೆ.

ಅಮ್ಮನ ಕೊಳವೆ ಇನ್ನೂ ಕಿರಿದಾಗಿದೆ. ಮೊನ್ನೆ ಬೆಳಿಗ್ಗೆ ಚಹಾದ ಕಪ್ಪನ್ನು ಮೇಜಿನ ಪಕ್ಕದ ಗಾಳಿಯ ಮೇಲಿಟ್ಟಳು. ಅದು ಬಿದ್ದು ಒಡೆದದ್ದು ಅವಳಿಗೆ ಕೇಳಿಸಲೂ ಇಲ್ಲ, ಕಾಣಿಸಲೂ ಇಲ್ಲ. ಪಾದಕ್ಕೆ ಬಿಸಿ ತಾಗಿದಾಗ ತಿಳಿ‌ಯಿತು. ನಾನು ಹೇಳುವ ಸನ್ನೆಗಳ ಅರ್ಧ ಅವಳ ನೋಟದ ಆಚೆಗೆ ಬೀಳುತ್ತದೆ, ಅದಕ್ಕೇ ಈಗ ಹತ್ತಿರ ಕೂತು ನನ್ನ ಮಣಿಕಟ್ಟುಗಳನ್ನು ಹಿಡಿದುಕೊಳ್ಳುತ್ತಾಳೆ. ಕೈ ಎತ್ತ ಹೋಗುತ್ತದೋ ಅತ್ತ ತಾನೂ ಹೋಗುತ್ತಾಳೆ. ಬೆಳಕು ಇಳಿದ ಮೇಲೆ ಪೂರ್ತಿ ಮುಟ್ಟಿಯೇ ಓದುತ್ತಾಳೆ. ಯಾರೂ ಕಲಿಸಲಿಲ್ಲ, ತಾನೇ ಕಲಿತಳು. "ನೋಡು, ಇದೂ ಒಂದು ರೀತಿ" ಅಂದಳು, ಹೊಸ ಹೊಲಿಗೆ ಕಲಿತವಳ ಹಾಗೆ. ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಅಭ್ಯಾಸಬಲ ನೋಡು, ನಲ್ಲಿಯ ಸದ್ದು ಯಾರಿಗೋಸ್ಕರ?

ಡಾಕ್ಟರು ಫೋನ್ ಮಾಡಿದ್ದಳು. ಅವಳ ಸಿಟ್ಟು ಇಳಿದಿದೆ. "ಇನ್ನೂ ಒಂಚೂರು ಬೆಳಕು ಉಳಿದಿರುತ್ತೆ. ಈ ವಾರ ಕರ್ಕೊಂಡು ಬನ್ನಿ, ಪ್ರಯತ್ನ ಮಾಡ್ತೀನಿ. ಅದಕ್ಕಿಂತ ತಡವಾದ್ರೆ ನಾನು ಸಮಾಧಾನ ಹೇಳಬಹುದು, ಅಷ್ಟೇ" ಅಂದಳು. ನಿನ್ನ ಭಾವ ಈಗ ತಮಾಷೆ ಮಾಡುತ್ತಿಲ್ಲ. "ಎತ್ತಿಕೊಂಡೇ ಹೋಗ್ಬಿಡೋಣ" ಅನ್ನುತ್ತಾರೆ. ಕಣ್ಣನ್ನು ಎತ್ತಿಕೊಂಡು ಹೋಗಬಹುದು, ಒಪ್ಪಿಗೆಯನ್ನು ಹೇಗೆ ಎತ್ತಿಕೊಂಡು ಹೋಗುವುದು? ಬೇಡ ಅನ್ನುವವಳನ್ನು ಡಾಕ್ಟರು ಮುಟ್ಟುವುದಿಲ್ಲ. ಆ "ಬೇಡ"ವನ್ನು ಅವಳಿಗೆ ತಲುಪಿಸಬೇಕಾದವಳೂ ನಾನೇ.

ನಿನ್ನ ಕೈಲಾದರೆ ಬಾ. ರಜೆ ಸಿಗದಿದ್ದರೆ ವಿಡಿಯೋದಲ್ಲಾದರೂ ಈ ಎರಡು ದಿನದೊಳಗೆ ಅವಳಿಗೆ ಹೇಳು. ಮಧ್ಯಾಹ್ನದ ಬೆಳಕಿನಲ್ಲಿ ಫೋನು ಸ್ವಲ್ಪ ದೂರ ಹಿಡಿದರೆ ಇನ್ನೂ ಕಾಣುತ್ತದೆ. ಮಗುವನ್ನೂ ಕೂರಿಸಿಕೊ. ನನ್ನ ಮಾತಿನ ಮೇಲೆ ಮಾತು ಹೇಳಬಲ್ಲವಳು ನೀನೊಬ್ಬಳೇ. ಆಪರೇಷನ್ ಆಗಲೇಬೇಕು ಅಂತ ಹೇಳು. ಕರ್ತನ ಸುದ್ದಿ ಎತ್ತಬೇಡ, ಅವಳೂ ಈಗ ಎತ್ತುವುದಿಲ್ಲ.

ನಿನ್ನ ಮನೆ ತಣ್ಣಗಿರಲಿ. ಮಗುವಿನ ಕಣ್ಣು ಕಿವಿ ಕೈ ಕಾಲು ಎಲ್ಲ ನೂರು ವರ್ಷ ಚೆನ್ನಾಗಿರಲಿ. ಕೆಲಸದ ಮೇಲೆ ಕೆಲಸ ಎಳೆದುಕೊಂಡು ಬಳಲಬೇಡ.

ನಿನ್ನ ಅಕ್ಕ,
ಜಡೆ

ಮ.ವಿ.: ಇಷ್ಟು ಬರೆದೂ ಬರೆಯಬೇಕಾದದ್ದನ್ನು ಬರೆದಿಲ್ಲ. ನೀನು ಅವಳಿಗೆ ಏನು ಹೇಳಬೇಕೆಂದು ತಿಳಿಯಬೇಕಾದರೆ ಇದು ನಿನಗೆ ಗೊತ್ತಿರಬೇಕು. ನಿನ್ನೆ ಮಧ್ಯಾಹ್ನ ಬಟ್ಟೆ ಮಡಿಸುತ್ತಿದ್ದೆವು. ನಾನು ಮತ್ತೆ ಅದೇ ಹಳೆಯ ವಾದ ತೆಗೆದೆ: ಆವತ್ತಿನ ಮಾತು ಕರ್ತನದಲ್ಲ, ನಂಬಬೇಡ. ಅಮ್ಮ ದಿಂಬಿನ ಚೀಲವನ್ನು ಕೆಳಗಿಟ್ಟು, "ಅವನದಲ್ಲ ಅಂತ ನನಗೆ ಆವತ್ತೇ ಗೊತ್ತು" ಅಂದಳು. "ನೀನು ಬೇರೆಯವರ ಮಾತು ಹೇಳೋವಾಗ ಬಲಗೈ ಮುಂದಿರುತ್ತೆ. 'ಸಾಕು' ಅನ್ನೋದನ್ನ ಆವತ್ತು ಎಡಗೈಯಲ್ಲಿ ಅಂದೆ. ಚಿಕ್ಕವಳಿದ್ದಾಗ ನನ್ನ ಜೊತೆ ಆಸ್ಪತ್ರೆ, ಬ್ಯಾಂಕು, ಸ್ಕೂಲು ಅಂತ ಸುತ್ತಿ ಸುತ್ತಿ ದಣಿದಾಗ ಹಾಗೇ ಅಂತಿದ್ದೆ, ನಾನು ನೋಡ್ಲಿಲ್ಲ ಅಂದ್ಕೊಂಡು. ಓಡಾಟ ಸಾಕು, ಕಾಯೋದು ಸಾಕು. ಅದು ನಿನ್ನದೇ. ಅವರೆಲ್ಲ ಎದ್ದು ನಿಂತು ಅಳ್ತಿದ್ರು, ನಾನು ನಿನ್ನನ್ನೇ ನೋಡ್ತಿದ್ದೆ. ಒಂದು ಜನ್ಮವೆಲ್ಲ ನನ್ನ ಕಿವಿಯಾಗಿದ್ದೀಯ. ಇನ್ನು ನನ್ನ ಕಣ್ಣನ್ನೂ ಹೊತ್ಕೊಂಡು ಆಸ್ಪತ್ರೆಗೆ ಓಡಾಡೋದು ಬೇಡ, ಕಣ್ಣಿಲ್ಲದೆ ಇರೋದನ್ನ ನಾನೇ ಕಲೀತೀನಿ. ಕರ್ತನ ಹೆಸರು ಹೇಳಿದ್ರೆ ನೀನು ಜಾಸ್ತಿ ಕೇಳಲ್ಲ ಅಂತ ಹೇಳ್ದೆ. ಅದು ನಿನ್ನ ಮಾತು ಅಂತ ನಾನು ಅಂದದ್ದು ತಪ್ಪಾ?"

ಹೇಳಿ, ಉತ್ತರ ಓದಲು ನನ್ನ ಎರಡೂ ಕೈಗಳನ್ನು ತನ್ನ ಕೈಯೊಳಗೆ ತಗೊಂಡಳು. "ಅಲ್ಲ, ಅದು ನನ್ನ ಮಾತಲ್ಲ" ಅನ್ನಲು ಮಣಿಕಟ್ಟು ಒಂದು ಸಲ ತಿರುಗಿದ್ದರೆ ಸಾಕಿತ್ತು. ಅವಳು ಕಾದಳು. ಬಹಳ ಹೊತ್ತು ಕಾದಳು. ಆಮೇಲೆ ಅವುಗಳನ್ನು ಮೆಲ್ಲಗೆ ತಟ್ಟಿ, ನನ್ನ ಮಡಿಲಿಗೆ ವಾಪಸ್ಸು ಇಟ್ಟು, ದಿಂಬಿನ ಚೀಲ ಮಡಿಸತೊಡಗಿದಳು.